ಉಪ್ಪುನೀರಿನ ಟ್ಯಾಂಕಿಗೆ ಮನೆಯಲ್ಲೇ ಕಟ್ಟಿದ ಎಲ್‌ಇಡಿ ದೀಪ

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ, ಸಮುದ್ರಜೀವಿ ಸಾಕುವ ಟ್ಯಾಂಕಿಗೆ ನಾನು ಕಟ್ಟಿಕೊಂಡ ದೀಪದ ವಿವರ ಇದು. ಹೊಸಬರು ತಲೆಕೆಡಿಸಿಕೊಳ್ಳುವುದು ಬಣ್ಣದ ಬಗ್ಗೆ. ದೀಪ ಕೆಡುವುದು ಬಹುಪಾಲು ಶಾಖದಿಂದ, ಉಪ್ಪಿನಿಂದ. ಹಾಗಾಗಿ ಬಣ್ಣದ ಮಾತನ್ನು ಬೇಗ ಮುಗಿಸುತ್ತೇನೆ.

ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅವುಗಳ ಆಸೆ ಬಿಡಿ. ಈ ದೀಪ ಸೀ ಅನಿಮೋನ್ (ಹೂವಿನಂತೆ ಕಾಣುವ ಸಮುದ್ರಪ್ರಾಣಿ) ಮತ್ತು ಕಲರ್ಪಾ ಎಂಬ ಸಮುದ್ರ ಪಾಚಿಗಾಗಿ. ಅನಿಮೋನಿನ ಅಂಗಾಂಶದಲ್ಲಿ ವಾಸಿಸುವ ಸೂಕ್ಷ್ಮ ಪಾಚಿ ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಅದಕ್ಕೆ 450 ನ್ಯಾನೋಮೀಟರ್ ತರಂಗಾಂತರದ ರಾಯಲ್ ಬ್ಲೂ 9, 420ರ ವಯಲೆಟ್ 3. ನಮ್ಮ ಕಣ್ಣಿಗೆ ಮತ್ತು ಕಲರ್ಪಾಗೆ 6500 ಕೆಲ್ವಿನ್ (ಹಗಲಿನ ಬೆಳಕಿನಂಥ) ಬಿಳಿ 8. ಎಲ್ಲವೂ ಸ್ಟಾರ್ ಬೋರ್ಡ್ (ನಕ್ಷತ್ರಾಕಾರದ ಪುಟ್ಟ ಅಲ್ಯೂಮಿನಿಯಂ ತಟ್ಟೆ) ಮೇಲಿನ 3 ವ್ಯಾಟ್ ಎಲ್‌ಇಡಿಗಳು.

ನೀಲಿ ಮತ್ತು ವಯಲೆಟ್ ಸೇರಿ 12 ಒಂದು ಸರಣಿ (ಒಂದರ ಹಿಂದೊಂದು ಜೋಡಿಸಿದ ಸಾಲು), ಬಿಳಿ 8 ಇನ್ನೊಂದು. ಪ್ರತಿ ಸರಣಿಗೂ ಒಂದೊಂದು ಮೀನ್ ವೆಲ್ ಎಲ್‌ಡಿಡಿ-700ಎಚ್ ಡ್ರೈವರ್ (ಎಲ್‌ಇಡಿಗೆ ಹರಿಯುವ ಕರೆಂಟನ್ನು ಸ್ಥಿರವಾಗಿಡುವ ಘಟಕ), ಎರಡಕ್ಕೂ ಸೇರಿ 48 ವೋಲ್ಟ್, 1.6 ಆಂಪಿಯರಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಡಿಸಿಗೆ ಇಳಿಸುವ ಪವರ್ ಸಪ್ಲೈ). 700 ಮಿಲಿಆಂಪಿಯರ್ ಹರಿಯುವಾಗ ಒಂದು ಎಲ್‌ಇಡಿಗೆ ಸುಮಾರು 3.4ರಿಂದ 3.6 ವೋಲ್ಟ್, ವಯಲೆಟ್‌ಗೆ ತುಸು ಜಾಸ್ತಿ. 12ಕ್ಕೆ ಲೆಕ್ಕ ಹಾಕಿದರೆ 45 ವೋಲ್ಟ್ ಒಳಗೇ ಬರುತ್ತದೆ. ಈ ಡ್ರೈವರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ, ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಮೂರು ವೋಲ್ಟಿನಷ್ಟು ಅಂತರವನ್ನೂ ಕೇಳುತ್ತದೆ. ಹದಿಮೂರನೆಯದನ್ನು ಸೇರಿಸಿದರೆ ಬೆಳಕು ಮಂಕಾಗುವ, ಮಿನುಗುವ ತೊಂದರೆ ಶುರು.

20 ಎಲ್‌ಇಡಿಗಳ ಒಟ್ಟು ಸುಮಾರು 49 ವ್ಯಾಟ್‌ನಲ್ಲಿ ಅರ್ಧದಷ್ಟು ಶಾಖವೇ. ನಾನು ಬಳಸಿದ್ದು 60 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು), ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. 2.5 ಮಿ.ಮೀ. ತೂತು ಕೊರೆದು ಎಂ3 ಟ್ಯಾಪ್ ಹಾಕಿ (3 ಮಿ.ಮೀ. ಸ್ಕ್ರೂ ಕೂರುವ ಸುರುಳಿ ಗೆರೆ ಕೊರೆದು), ನೈಲಾನ್ ವಾಷರ್ ಇಟ್ಟು ಸ್ಕ್ರೂ ಬಿಗಿಯಬೇಕು. ಸ್ಟಾರ್ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳುವಾಗಿ ಸವರಿದರೆ ಸಾಕು. ದಪ್ಪಗೆ ಮೆತ್ತಿದರೆ ಅದೇ ಶಾಖಕ್ಕೆ ಅಡ್ಡಿ.

ಸ್ಟಾರ್‌ಗಳನ್ನು ಕೂರಿಸುವ ಮೊದಲೇ ಅವುಗಳ ಪ್ಯಾಡ್‌ಗಳಿಗೆ ಸೋಲ್ಡರ್ ಹತ್ತಿಸಿಡಿ. ಆಮೇಲೆ ಹೀಟ್‌ಸಿಂಕ್ ಶಾಖವನ್ನೆಲ್ಲ ಎಳೆದುಕೊಂಡು 25 ವ್ಯಾಟಿನ ಸೋಲ್ಡರಿಂಗ್ ಐರನ್ ಕೆಲಸಕ್ಕೇ ಬರುವುದಿಲ್ಲ, 60 ವ್ಯಾಟ್ ಬೇಕು. ವೈರ್ 0.5 ಚದರ ಮಿ.ಮೀ. ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕವಿದ್ದರೆ ಬೀಪ್ ಬರುವ ವಿಧಾನ) ಹಾಕಿ ಒಂದು ಕಡ್ಡಿಯನ್ನು ಪ್ರತಿ ಪ್ಯಾಡಿಗೂ ಇನ್ನೊಂದನ್ನು ಹೀಟ್‌ಸಿಂಕಿಗೂ ತಾಗಿಸಿ ನೋಡಿ. ಎಲ್ಲಿಯಾದರೂ ಬೀಪ್ ಬಂದರೆ ಕರೆಂಟ್ ಕೊಡಲೇಬೇಡಿ.

ಡ್ರೈವರ್ ವೈರಿಂಗ್‌ನಲ್ಲಿ ದುಬಾರಿಯಾಗುವ ತಪ್ಪುಗಳು ಮೂರು. ಔಟ್‌ಪುಟ್ಟಿನ ಮೈನಸ್ಸನ್ನು ಇನ್‌ಪುಟ್ಟಿನ ಮೈನಸ್ಸಿಗೆ ಸೇರಿಸಬಾರದು, ಎರಡೂ ಬೇರೆ ಬೇರೆ. ಕರೆಂಟ್ ಇರುವಾಗ ಎಲ್‌ಇಡಿ ಸರಣಿಯನ್ನು ಬಿಚ್ಚಿ ಮತ್ತೆ ಜೋಡಿಸಬಾರದು: ತೆರೆದ ಸರ್ಕ್ಯೂಟಿನಲ್ಲಿ ಔಟ್‌ಪುಟ್ ವೋಲ್ಟೇಜ್ ಮೇಲೇರಿ ನಿಂತಿರುತ್ತದೆ, ಜೋಡಿಸಿದ ಕ್ಷಣ ನುಗ್ಗುವ ಕರೆಂಟ್ ಎಲ್‌ಇಡಿಯನ್ನು ಸುಡುತ್ತದೆ. ಮೂರನೆಯದು ಡಿಮ್ ಪಿನ್, ಅಂದರೆ ಬೆಳಕು ಏರಿಳಿಸುವ ಸಂಕೇತ ಸೇರುವ ಜಾಗ. ಅದನ್ನು ಹಾಗೇ ಬಿಟ್ಟರೆ ಡ್ರೈವರ್ ಪೂರ್ತಿ ಬೆಳಗುತ್ತದೆ. ಬೆಳಕು ನಿಯಂತ್ರಿಸುವ ಆರ್ಡುಯಿನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್) ರೀಸೆಟ್ ಆದಾಗಲೆಲ್ಲ ಟ್ಯಾಂಕಿನ ಮೇಲೆ ಮಿಂಚು ಹೊಡೆದಂತೆ. ಡಿಮ್ ಪಿನ್ ಮತ್ತು ಗ್ರೌಂಡ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ, ಅಲ್ಲಿ 0.8 ವೋಲ್ಟಿಗಿಂತ ಕಡಿಮೆ ಇದೆಯೇ ಎಂದು ಅಳೆದು ಆಮೇಲೆ ಡಬ್ಬಿ ಮುಚ್ಚಿ. ಪಿಡಬ್ಲ್ಯೂಎಂ (ಬೆಳಕು ತಗ್ಗಿಸಲು ವೇಗವಾಗಿ ಆನ್-ಆಫ್ ಆಗುವ ಸಂಕೇತ) 1000 ಹರ್ಟ್ಸ್ ದಾಟಬಾರದು. ಆರ್ಡುಯಿನೋ ನ್ಯಾನೋದ 9 ಮತ್ತು 10ನೇ ಪಿನ್‌ಗಳ 490 ಹರ್ಟ್ಸ್ ಸರಿಹೋಗುತ್ತದೆ. ಆರ್ಡುಯಿನೋಗೆ ಬೇರೆಯೇ 5 ವೋಲ್ಟ್ ಚಾರ್ಜರ್ ಕೊಟ್ಟು, ಗ್ರೌಂಡನ್ನು ಮಾತ್ರ ಡ್ರೈವರಿನ ಇನ್‌ಪುಟ್ ಮೈನಸ್ಸಿಗೆ ಸೇರಿಸಿ.

ಇನ್ನು ಉಪ್ಪು. ಗುಳ್ಳೆ ಒಡೆದಾಗಲೆಲ್ಲ ಸಣ್ಣ ಹನಿಗಳು ಮೇಲಕ್ಕೆ ಚಿಮ್ಮುತ್ತವೆ. ಎಲ್‌ಇಡಿಗಳ ಕೆಳಗೆ 3 ಮಿ.ಮೀ. ಅಕ್ರಿಲಿಕ್ ಹಾಳೆ ಇರಲೇಬೇಕು, ಶೇ. 8ರಷ್ಟು ಬೆಳಕು ಹೋದರೂ ಚಿಂತೆಯಿಲ್ಲ. ಅದನ್ನು ವಾರಕ್ಕೊಮ್ಮೆ ಆರ್‌ಒ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸದಿದ್ದರೆ ಬಿಳಿ ಪೊರೆ ಕಟ್ಟಿ ಇನ್ನಷ್ಟು ನಷ್ಟ. ಫ್ಯಾನ್ ಹಾಕುವವರು ಗಾಳಿ ಮೇಲಿನಿಂದ ರೆಕ್ಕೆಗಳ ಮೇಲೆ ಬೀಳುವಂತೆ ಕೂರಿಸಿ. ಕೆಳಗಿನಿಂದ ಎಳೆದರೆ ಟ್ಯಾಂಕಿನ ಉಪ್ಪುತೇವವೆಲ್ಲ ಬೆಸುಗೆಯ ಮೇಲೆ ಹಾಯುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಡ್ರೈವರ್ ಮತ್ತು ಎಸ್‌ಎಂಪಿಎಸ್ ಟ್ಯಾಂಕಿನಿಂದ ದೂರ ಗೋಡೆಯ ಮೇಲಿರಲಿ. ಸಂಪ್ (ಟ್ಯಾಂಕಿನ ನೀರು ಶುದ್ಧವಾಗುವ ಕೆಳಗಿನ ತೊಟ್ಟಿ) ಇರುವ ಕಪಾಟಿನೊಳಗೆ ಬೇಡವೇ ಬೇಡ. ಹೀಟ್‌ಸಿಂಕಿಗೆ ಅರ್ಥಿಂಗ್, ಇಡೀ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಇದರಲ್ಲಿ ಉಳಿತಾಯ ಮಾಡಬೇಡಿ.

ಒಂದೂವರೆ ಅಡಿ ಆಳಕ್ಕೆ ಎಲ್‌ಇಡಿಗಳ ಮೇಲೆ 90 ಡಿಗ್ರಿ ಲೆನ್ಸ್ (ಬೆಳಕನ್ನು ಅಷ್ಟು ಕೋನಕ್ಕೆ ಹರಡುವಂಥದ್ದು), ನೀರಿನಿಂದ 25 ಸೆಂ.ಮೀ. ಎತ್ತರ. ಬಣ್ಣಬಣ್ಣದ ನೆರಳು ಕಂಡರೆ ನೀಲಿ ಮತ್ತು ಬಿಳಿ ದೂರದೂರ ಕೂತಿವೆ ಎಂದರ್ಥ, 4 ಸೆಂ.ಮೀ. ಒಳಗೆ ಬೆರೆಸಿ ಕೂರಿಸಿ. ಬೆಳಕಳೆಯುವ ಲಕ್ಸ್ ಮೀಟರ್ ನಂಬಬೇಡಿ. ಅದು ನಮ್ಮ ಕಣ್ಣಿನಂತೆ ಹಸಿರಿಗೆ ಹೆಚ್ಚು ಬೆಲೆ ಕೊಡುವುದರಿಂದ ನೀಲಿ ಬೆಳಕನ್ನು ತೀರಾ ಕಡಿಮೆ ತೋರಿಸುತ್ತದೆ, ನೋಡಿದವರು ಇನ್ನೂ ಏರಿಸುತ್ತಾರೆ, ಅನಿಮೋನ್ ಬೆಳ್ಳಗಾಗುತ್ತದೆ. ಪೂರ್ತಿ ಬೆಳಕಿನ ಶೇ. 30ರಿಂದ ಶುರುಮಾಡಿ ವಾರಕ್ಕೆ ಶೇ. 5ರಂತೆ ಏರಿಸಿ. ಅನಿಮೋನ್ ಕಲ್ಲಿನ ಹಿಂದೆ ಸರಿದು ಅವಿತುಕೊಂಡರೆ ಹಿಂದಿನ ವಾರದ ಅಳತೆಗೆ ಇಳಿಸಿ, ಅದು ತಾನಾಗಿ ಹೊರಬರುವವರೆಗೆ ಅಲ್ಲೇ ನಿಲ್ಲಿಸಿ.