ಪಾಯಕ್ಕೇ ನಿಂತ ಮನೆಗಳು

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು, ಕಳಸದ ಕಡೆ ಓಡಾಡುವವರಿಗೆ ರಸ್ತೆ ಬದಿಯ ಕಾಲೊನಿಗಳಲ್ಲಿ ಇದು ಕಣ್ಣಿಗೆ ಬಿದ್ದೇ ಇರುತ್ತದೆ. ಸೈಜ್ ಕಲ್ಲಿನ ಪಾಯ, ಅದರ ಮೇಲೆ ಎರಡು ವರಸೆ ಬ್ಲಾಕು, ಅಷ್ಟೇ. ಮೂಲೆಗಳಲ್ಲಿ ತುಕ್ಕು ಹಿಡಿದ ಕಂಬಿ, ಒಳಗೆ ಸೊಂಟದೆತ್ತರ ಬೆಳೆದ ಕಮ್ಯುನಿಸ್ಟ್ ಕಳೆಗಿಡ. ಪಕ್ಕದಲ್ಲಿ ನೀಲಿ ಟಾರ್ಪಾಲು ಹೊದಿಸಿದ ಗುಡಿಸಲಲ್ಲಿ ಆ ಮನೆಯವರೇ ಇರುತ್ತಾರೆ. ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದರೆ ಒಂದೇ ಮಾತು: "ಬಿಲ್ಲಾಗ್ಲಿಲ್ಲ." ಅಂದರೆ ಸರ್ಕಾರದ ವಸತಿ ಯೋಜನೆಯ ಕಂತು ಬರಲಿಲ್ಲ.

ನಮ್ಮ ಸಣ್ಣ ಟ್ರಸ್ಟಿಗೆ ಜನ ಇಟ್ಟ ಹೆಸರು ಮನೆ ಕಟ್ಟಿಸಿಕೊಡುವ ಸಂಸ್ಥೆ. ಕಟ್ಟುವುದು ಮೇಸ್ತ್ರಿ, ಕಟ್ಟಿಸುವುದು ಮನೆಯವರು, ದುಡ್ಡು ಬಹುಪಾಲು ಸರ್ಕಾರದ್ದು. ನಮ್ಮ ಪಾಲಿನ ಕೆಲಸ ಈ ಪಾಯಗಳು ನಿಲ್ಲದಂತೆ ನೋಡಿಕೊಳ್ಳುವುದು. ಅದನ್ನು ಹೇಗೆ ಮಾಡುತ್ತಿದ್ದೇವೆ ಅಂತ ಸಕಲೇಶಪುರ, ಕೊಪ್ಪದ ಕಡೆಯ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗೋಸ್ಕರ ಬರೆಯುತ್ತಿದ್ದೇನೆ.

ಮೊದಲು ಯಾರಿಗೆ ಮನೆ ಬೇಕು ಅನ್ನುವುದು. ನಮ್ಮ ಕಡೆ ಮನೆ ಇಲ್ಲದವರು ಅಂದರೆ ಬೀದಿಯಲ್ಲಿ ಮಲಗುವವರಲ್ಲ. ಕಾಫಿ ತೋಟದ ಲೈನ್ ಮನೆಯಲ್ಲಿ (ಆಳುಗಳಿಗೆ ಸಾಲಾಗಿ ಕಟ್ಟಿದ ಬಿಡಾರ) ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಕ್ಕಳನ್ನು ಸಾಕಿ, ಮೈಯಲ್ಲಿ ಕಸುವು ಕಮ್ಮಿಯಾದ ದಿನ ಬೀಗದ ಕೈಯನ್ನು ತೋಟದ ರೈಟರ್ (ಗುಮಾಸ್ತ) ಕೈಗೆ ಕೊಟ್ಟು ಹೊರಡಬೇಕಾದವರು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ತೋಟದ ಮಾಲೀಕ ಆಳುಗಳಿಗೆ ಮನೆ ಕೊಡಬೇಕು ಅಂದಿತು. ಆದರೆ ಅದು ಅನ್ವಯಿಸುತ್ತಿದ್ದದ್ದು ಐದು ಹೆಕ್ಟೇರಿಗೆ ಕಮ್ಮಿ ಇಲ್ಲದ, ಹದಿನೈದು ಆಳಾದರೂ ಇರುವ ತೋಟಕ್ಕೆ ಮಾತ್ರ. ನಮ್ಮ ಸುತ್ತಮುತ್ತ ಸಣ್ಣ ತೋಟಗಳೇ ಹೆಚ್ಚು. ದೊಡ್ಡ ತೋಟದಲ್ಲೂ ಮನೆ ಕೆಲಸಕ್ಕೆ ಅಂಟಿಕೊಂಡದ್ದು, ಕೆಲಸ ಬಿಟ್ಟರೆ ಮನೆಯೂ ಬಿಟ್ಟಂತೆ. ಹಾಗೆ ಹೊರಬಿದ್ದ ಕುಟುಂಬಗಳು ಗೋಮಾಳದ ಅಂಚಲ್ಲೋ ಹಳ್ಳದ ದಂಡೆಯಲ್ಲೋ ಗುಡಿಸಲು ಹಾಕಿಕೊಂಡು ಇಪ್ಪತ್ತು ಮೂವತ್ತು ವರ್ಷ ಕಳೆದಿವೆ. ನಮ್ಮ ಕೆಲಸ ಶುರುವಾಗುವುದು ಇವರಿಂದ.

ಹೊಸ ನಿವೇಶನ ಹುಡುಕುವ ಗೋಜಿಗೆ ನಾವು ಹೆಚ್ಚು ಹೋಗುವುದಿಲ್ಲ. ಪಹಣಿಯಲ್ಲಿ ಗೋಮಾಳ ಅಂತಿರುವ ಜಾಗವನ್ನು ಅರಣ್ಯ ಇಲಾಖೆಯವರು ಸೆಕ್ಷನ್ 4 (ಮೀಸಲು ಅರಣ್ಯ ಮಾಡಲು ಪ್ರಕಟಣೆ ಆದದ್ದು) ಅನ್ನುತ್ತಾರೆ, ಇಲ್ಲವೇ ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತಲೇ ಪರಿಗಣಿಸಿದ ಜಾಗ) ಅನ್ನುತ್ತಾರೆ. ಜಂಟಿ ಸರ್ವೆ ಆಗಲಿ ಅಂತ ಕಡತ ಮೂಡಿಗೆರೆಗೂ ಚಿಕ್ಕಮಗಳೂರಿಗೂ ಓಡಾಡುತ್ತಲೇ ಇರುತ್ತದೆ. ಅದರ ಬದಲು ಜನ ಈಗಾಗಲೇ ವಾಸವಿರುವ ಜಾಗಕ್ಕೇ ಕಾಗದ ಮಾಡಿಸುವುದು ಮೇಲು. ಭೂ ಕಂದಾಯ ಕಾಯ್ದೆಯ 94ಸಿ ಕಲಂ ಇರುವುದೇ ಇದಕ್ಕೆ. ಹಳ್ಳಿ ಕಡೆ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಯನ್ನು ಸಕ್ರಮ ಮಾಡಿ ಹಕ್ಕುಪತ್ರ ಕೊಡುವುದಕ್ಕೆ.

ಅರ್ಜಿ ಬರೆಯುವುದು ದೊಡ್ಡ ಕೆಲಸವಲ್ಲ, ವಾಸ ಇದ್ದದ್ದನ್ನು ತೋರಿಸುವುದು ದೊಡ್ಡದು. ಹಳೇ ರೇಷನ್ ಕಾರ್ಡು, ಓಟರ್ ಲಿಸ್ಟಿನ ಪುಟ, ಮಕ್ಕಳ ಶಾಲಾ ದಾಖಲೆಯ ವಿಳಾಸ, ಕರೆಂಟು ಬಿಲ್ಲು. ಭಾಗ್ಯಜ್ಯೋತಿ ಮೀಟರಿನ ಹಳೇ ಬಿಲ್ಲು ಒಂದೇ ಒಂದು ಸಿಕ್ಕರೂ ಮಹಜರಿನ ಹೊತ್ತಿಗೆ ಅರ್ಧ ಗೆದ್ದಂತೆ. ಹೆಂಗಸರು ಇಂಥವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಕ್ಕಿ ಡಬ್ಬದಲ್ಲಿ ಇಟ್ಟಿರುತ್ತಾರೆ, ಗಂಡಸರನ್ನು ಕೇಳಿದರೆ "ಎಲ್ಲೋ ಉಂಟು" ಅನ್ನುತ್ತಾರೆ. ಹಾಗಾಗಿ ನಾವು ದಾಖಲೆ ಕೇಳಲು ಹೋಗುವುದು ಸಂಜೆ, ಹೆಂಗಸರು ತೋಟದಿಂದ ಬಂದ ಮೇಲೆ. ಹಕ್ಕುಪತ್ರ ಬಂದು, ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಸೇರಿ, ಗ್ರಾಮಸಭೆಯಲ್ಲಿ ಹೆಸರು ಓದಿಸಿಕೊಂಡು, ವಸತಿ ನಿಗಮದಿಂದ ಕಾಮಗಾರಿ ಆದೇಶ ಬರುವ ಹೊತ್ತಿಗೆ ಮನೆಯವರು ಸುಸ್ತು. ನಿಜವಾದ ಕಷ್ಟ ಶುರುವಾಗುವುದು ಆಮೇಲೆ.

ಲೆಕ್ಕ ನೋಡಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂ ಮುಕ್ಕಾಲು ಚದರಕ್ಕೆ ಸ್ವಲ್ಪ ಕಮ್ಮಿ (ಒಂದು ಚದರ ಅಂದರೆ ನೂರು ಚದರ ಅಡಿ). ಸಹಾಯಧನ ಬಯಲುಸೀಮೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ. ಕರ್ನಾಟಕ ಗುಡ್ಡಗಾಡು ರಾಜ್ಯ ಅಲ್ಲವಾದ್ದರಿಂದ ಚಾರ್ಮಾಡಿ ಘಾಟಿಯ ನೆತ್ತಿಯೂ ಬಯಲುಸೀಮೆಯೇ! ನರೇಗಾದಲ್ಲಿ 90 ದಿನದ ಕೂಲಿ, 2024-25ರ ದಿನಗೂಲಿ 349 ರೂಪಾಯಿ ಲೆಕ್ಕದಲ್ಲಿ 31,410 ಆಗುತ್ತಿತ್ತು. ಶೌಚಾಲಯಕ್ಕೆ 12,000. ಎಲ್ಲ ಕೂಡಿದರೂ ಆಗ 1.63 ಲಕ್ಷದ ಹತ್ತಿರ ನಿಲ್ಲುತ್ತಿತ್ತು. ನಮ್ಮ ಕಡೆ ಚದರಕ್ಕೆ 1.8 ಲಕ್ಷಕ್ಕಿಂತ ಕಮ್ಮಿಗೆ ಮೇಸ್ತ್ರಿ ಸಾಮಾನು ಸಮೇತ ಒಪ್ಪುವುದಿಲ್ಲ. ಹಳ್ಳದ ಆಚೆ, ಲಾರಿ ಹೋಗದ ಜಾಗವಾದರೆ ಇನ್ನೂ ಮೇಲೆ. 2019ರ ಆಗಸ್ಟ್ ಮಳೆಗೆ ಮಲೆಮನೆ ಕಡೆ ಗುಡ್ಡ ಜರಿದು ಊರೇ ಖಾಲಿಯಾದಾಗ, ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ್ದು 5 ಲಕ್ಷ. ಅಂದರೆ ಒಂದು ಮನೆಗೆ ಎಷ್ಟು ಬೇಕು ಅನ್ನುವುದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿ ಏನಲ್ಲ.

ಹಣ ಕಮ್ಮಿ ಅನ್ನುವುದು ಒಂದಾದರೆ, ಅದು ಬರುವ ರೀತಿ ಇನ್ನೊಂದು. ಬಸವ ವಸತಿಯಂಥ ರಾಜ್ಯದ ಯೋಜನೆಯಲ್ಲಿ ಪಾಯ, ಗೋಡೆ, ಸೂರು, ಮುಕ್ತಾಯ ಅಂತ ಹಂತ ಹಂತವಾಗಿ ದುಡ್ಡು ಬರುತ್ತದೆ, ಅದೂ ಆ ಹಂತ ಮುಗಿದು ಜಿಪಿಎಸ್ ಫೋಟೊ ಏರಿದ ಮೇಲೆ. ಮೊದಲ ಕಂತು ಬೇಕಾದರೆ ಪಾಯ ಎದ್ದಿರಬೇಕು. ಪಾಯಕ್ಕೆ ಕೂಲಿಯವರ ಹತ್ತಿರ ಎಲ್ಲಿಂದ ದುಡ್ಡು? ಮೈಕ್ರೋ ಫೈನಾನ್ಸಿನಿಂದ ತರುತ್ತಾರೆ, ವಾರದ ಕಂತು ಅವತ್ತಿನಿಂದಲೇ ಶುರು. ಇಲ್ಲವೇ ತೋಟದಲ್ಲಿ ಮುಂಗಡ ಎತ್ತುತ್ತಾರೆ, ಆಮೇಲೆ ಎರಡು ವರ್ಷ ಆ ತೋಟ ಬಿಟ್ಟು ಅಲ್ಲಾಡುವಂತಿಲ್ಲ. ಫೋಟೊ ಏರಿ ದುಡ್ಡು ಬರುವಷ್ಟರಲ್ಲಿ ಅದು ಸಾಲಕ್ಕೆ ಹೋಗುತ್ತದೆ, ಗೋಡೆಗೆ ಉಳಿಯುವುದಿಲ್ಲ. ಪಾಯಕ್ಕೇ ಮನೆಗಳು ನಿಲ್ಲುವುದು ಹೀಗೆ.

ನಾವು ಮಾಡಿದ್ದು ಇಷ್ಟೇ: ದಾನಿಗಳಿಂದ ಬಂದ ಹಣವನ್ನು ಮನೆಗೆ ಹಂಚಲಿಲ್ಲ. ಒಂದು ಸುತ್ತುನಿಧಿ ಮಾಡಿದೆವು. ಕಂತು ಬರುವ ಮೊದಲೇ ಆ ಹಂತಕ್ಕೆ ಬೇಕಾದ ಸಾಮಾನು ನಾವು ಹಾಕಿಕೊಡುತ್ತೇವೆ, ಕಂತು ಬಂದ ಕೂಡಲೇ ಅದು ನಿಧಿಗೆ ವಾಪಸು ಬರಬೇಕು, ಬಂದದ್ದು ಮುಂದಿನ ಹಂತಕ್ಕೋ ಪಕ್ಕದ ಮನೆಗೋ ಹೋಗುತ್ತದೆ. ನಗದು ಕೈಗೆ ಕೊಡುವುದಿಲ್ಲ. ಇದಕ್ಕೆ ಮೊದಮೊದಲು ಬೇಜಾರು ಮಾಡಿಕೊಂಡವರು ಇದ್ದರು, "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ. ಮನೆಯಲ್ಲಿ ಜ್ವರವೋ ಮದುವೆಯೋ ಬಂದಾಗ ನಗದು ಕರಗುತ್ತದೆ, ಸಿಮೆಂಟ್ ಮೂಟೆ ಕರಗುವುದಿಲ್ಲ ಅಂತ ಹೆಂಗಸರೇ ಅವರಿಗೆ ಹೇಳಿದರು. ಹತ್ತಾರು ಮನೆಯ ಸಿಮೆಂಟು, ಕಂಬಿ ಒಟ್ಟಿಗೆ ಎತ್ತುವುದರಿಂದ ಅಂಗಡಿಯವರು ದರದಲ್ಲೂ ಇಳಿಸುತ್ತಾರೆ.

ಜಾಮೀನು ಸ್ತ್ರೀಶಕ್ತಿ ಸಂಘದ್ದು. ಒಂದೇ ಕಾಲೊನಿಯ ನಾಲ್ಕೈದು ಮನೆ ಒಂದು ಗುಂಪು, ಒಬ್ಬರ ಕಂತು ನಿಧಿಗೆ ಬಾರದಿದ್ದರೆ ಗುಂಪಿನ ಮುಂದಿನ ಮನೆಗೆ ಸಾಮಾನು ಹೋಗುವುದಿಲ್ಲ. ಕಠಿಣ ಅನಿಸಬಹುದು. ಆದರೆ ಈ ಕಟ್ಟಳೆ ಮಾಡಿದ್ದು ನಾವಲ್ಲ, ಅವರೇ.

ವಸೂಲಿಗೆ ಅಡ್ಡ ಬಂದದ್ದು ಜನ ಅಲ್ಲ, ಬ್ಯಾಂಕು. ಒಬ್ಬ ಅಕ್ಕನ ಖಾತೆಗೆ ಗೋಡೆಯ ಕಂತು ಬಿದ್ದ ದಿನವೇ ಬ್ಯಾಂಕಿನವರು ಅವರ ಗಂಡನ ಹಳೇ ಸಾಲಕ್ಕೆ ಅದನ್ನು ಜಮಾ ಮಾಡಿಕೊಂಡಿದ್ದರು. ಅವರು ಸಹಸಾಲಗಾರ್ತಿಯಂತೆ. ಸಹಿ ಯಾವಾಗ ಹಾಕಿಸಿಕೊಂಡರೋ ಅವರಿಗೇ ನೆನಪಿಲ್ಲ. ಮ್ಯಾನೇಜರ್ ಮುಂದೆ ಕೂತು, ಇದು ವಸತಿ ಸಹಾಯಧನ ಸ್ವಾಮಿ ಅಂತ ಪಂಚಾಯ್ತಿಯ ಪತ್ರ ಕೊಟ್ಟು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಅವತ್ತಿನಿಂದ ಕಾಮಗಾರಿ ಆದೇಶ ಬರುವ ಮೊದಲೇ ಅಂಚೆ ಕಚೇರಿಯಲ್ಲಿ ಮನೆಯಾಕೆಯ ಹೆಸರಲ್ಲಿ ಹೊಸ ಖಾತೆ ಮಾಡಿಸಿ, ಆಧಾರ್ ಅದಕ್ಕೇ ಜೋಡಿಸುವುದನ್ನು ರೂಢಿ ಮಾಡಿದ್ದೇವೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ ಅಂತ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಹೇಳುತ್ತೇನೆ.

ಇನ್ನು ಕಾಲದ ಲೆಕ್ಕ. ಮಲೆನಾಡಲ್ಲಿ ಮನೆ ಕಟ್ಟಲು ಸಿಗುವುದು ಒಣ ದಿನಗಳು, ಆ ದಿನಗಳಲ್ಲೇ ಕಾಫಿ ಕುಯ್ಲು. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೊಬಸ್ಟಾ. ವರ್ಷದಲ್ಲಿ ನಾಲ್ಕು ಕಾಸು ಹೆಚ್ಚು ದುಡಿಯುವ ಕಾಲ ಅದೊಂದೇ, ಕೆ.ಜಿ. ಲೆಕ್ಕದಲ್ಲಿ ಕುಯ್ಯುವ ಹೆಂಗಸಿಗೆ ಮನೆ ಕೆಲಸಕ್ಕೆ ನಿಲ್ಲು ಅನ್ನಲು ಬಾಯಿ ಬರುವುದಿಲ್ಲ. ಮೇಸ್ತ್ರಿಗಳೂ ಆಗ ತೋಟದವರ ಕಣ, ಗೋಡೌನು ಕೆಲಸದಲ್ಲಿರುತ್ತಾರೆ. ಹಾಗಾಗಿ ನಮ್ಮ ಲೆಕ್ಕ ಹೀಗೆ: ಸೈಜ್ ಕಲ್ಲು, ಮರಳು ಡಿಸೆಂಬರಿನಲ್ಲೇ ಜಾಗಕ್ಕೆ ಬಂದು ಬೀಳಬೇಕು, ಪಾಯ ಭಾನುವಾರಗಳಲ್ಲಿ ಮನೆಯವರೇ ತೋಡಬೇಕು, ಗೋಡೆ ಫೆಬ್ರವರಿ ಕೊನೆಗೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಲಿಂಟಲ್ ಮಟ್ಟಕ್ಕೆ ಬರಬೇಕು, ಮೃಗಶಿರಾ ಹಿಡಿಯುವ ಮೊದಲು ಸೂರು ಮುಚ್ಚಿರಬೇಕು. ಮಾರ್ಚಿನ ಹೂಮಳೆ ತೋಟದವರಿಗೆ ಹಬ್ಬ, ನಮಗೆ ಮಾತ್ರ ಗೋಡೆ ಮೇಲೆ ಟಾರ್ಪಾಲು ಎಳೆಯುವ ಓಟ. ಕಂತಿನ ದುಡ್ಡು ಒಂದು ತಿಂಗಳು ತಡವಾದರೆ ಕೆಲಸ ಒಂದು ವರ್ಷ ಹಿಂದೆ ಬೀಳುತ್ತದೆ ಅನ್ನುವುದು ಬೆಂಗಳೂರಿನಲ್ಲಿ ಕೂತವರಿಗೆ ಅರ್ಥವಾಗುವುದು ಕಷ್ಟ. ಸುತ್ತುನಿಧಿ ನಿಜವಾಗಿ ಉಳಿಸಿಕೊಟ್ಟದ್ದು ಈ ಒಂದು ವರ್ಷವನ್ನು.

ನಕ್ಷೆಯ ವಿಷಯದಲ್ಲಿ ನಾವು ಹೆಂಗಸರಿಂದ ಬಹಳ ಕಲಿತೆವು. ಹಾಲ್, ಮಲಗುವ ಕೋಣೆ, ಅಡಿಗೆ ಕೋಣೆ, ಶೌಚಾಲಯ ಅಂತ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರೆ, ಬಣಕಲ್ ಹತ್ತಿರದ ಒಬ್ಬ ಅಜ್ಜಿ ಗೆರೆ ದಾಟಿ ಒಳಗೆ ಬಂದು ನಾಲ್ಕೂ ಕಡೆ ನೋಡಿದರು.

"ಹಂಡೆ ಎಲ್ಲಿ ಇಡುದು?"

"ಅಜ್ಜಿ, ಸ್ನಾನಕ್ಕೆ ಇಲ್ಲೇ ಜಾಗ ಉಂಟಲ್ಲ."

"ಸ್ನಾನ ಇರ್ಲಿ ಮಾರಾಯ. ಬಚ್ಚಲೊಲೆ ಎಲ್ಲಿ? ಸೌದೆ ಎಲ್ಲಿ? ಆಟಿಯಲ್ಲಿ ಬಟ್ಟೆ ನಿನ್ನ ತಲೆ ಮೇಲೆ ಒಣಗಿಸ್ಲಾ?"

ಮಳೆಗಾಲದ ಮೂರು ತಿಂಗಳು ನಮ್ಮ ಕಡೆ ಮನೆ ನಡೆಯುವುದೇ ಬಚ್ಚಲೊಲೆಯ ಸುತ್ತ. ಬಿಸಿನೀರು, ಒದ್ದೆ ಕಂಬಳಿ, ಮಕ್ಕಳ ಯೂನಿಫಾರ್ಮು, ಹಲಸಿನ ಬೀಜ ಸುಡುವುದು, ಎಲ್ಲ ಅಲ್ಲೇ. ಆಮೇಲೆ ಹಿಂದಿನ ಗೋಡೆಗೆ ಇಳಿಮಾಡು ಹಾಕಿ ಬಚ್ಚಲು, ಸೌದೆಗೆ ಜಾಗ ಬಿಡುವುದನ್ನು ಎಲ್ಲ ಮನೆಗೂ ಮಾಡಿದೆವು. ಅದಕ್ಕೆ ಸರ್ಕಾರದ ದುಡ್ಡು ಬರುವುದಿಲ್ಲ, ಹಳೇ ಗುಡಿಸಲಿನ ಶೀಟು, ಗಳ ಬಳಸಿಕೊಳ್ಳುತ್ತೇವೆ.

ಸೂರಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಜನರದ್ದು ಬೇರೆ. ಮಲೆನಾಡಿನ ಮಳೆಗೆ ಇಳಿಜಾರು ಸೂರೇ ಸರಿ. ಚಪ್ಪಟೆ ಆರ್‌ಸಿಸಿ ಹಾಕಿದವರು ನಾಲ್ಕೈದು ಮಳೆ ಕಳೆಯುವುದರೊಳಗೆ ಅದರ ಮೇಲೆ ಮತ್ತೆ ಶೀಟು ಕಟ್ಟುತ್ತಾರೆ, ಎರಡು ಸೂರಿನ ಖರ್ಚು. ತೋಟದ ಸಿಲ್ವರ್ ಓಕ್ ಸಿಕ್ಕರೆ ಪಕಾಸಿ, ರೀಪಿಗೆ ಸಾಕು, ಕಾಡುಮರದಷ್ಟು ಪರವಾನಗಿಯ ತಾಪತ್ರಯವೂ ಇಲ್ಲ. ಬೋರಿಕ್-ಬೊರಾಕ್ಸ್ ದ್ರಾವಣದಲ್ಲಿ ನೆನೆಸಿದರೆ ಹುಳಕ್ಕೂ ತಡೆಯುತ್ತದೆ. ಹಳೇ ಮನೆ ಬಿಚ್ಚಿದ ಮಂಗಳೂರು ಹಂಚು ಅಗ್ಗಕ್ಕೆ ಸಿಗುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಜನ ಕೇಳುವ ಪ್ರಶ್ನೆ: "ಮಂಗಕ್ಕೆ ಎಂತ ಮಾಡ್ತೀರಿ?" ಉತ್ತರ ನನ್ನ ಹತ್ತಿರ ಇಲ್ಲ. ಒಂದು ಮಂಗನ ಹಿಂಡು ಬಂದು ಹೋದರೆ ಐವತ್ತು ಹಂಚು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಲೈನ್ ಮನೆಯಲ್ಲಿ ಹಂಚಿನಡಿ ಜೀವ ಸವೆಸಿದವರಿಗೆ ಆರ್‌ಸಿಸಿ ಅಂದರೇನೇ ಸ್ವಂತ ಮನೆ. ಈಗ ವಾದ ಮಾಡುವುದಿಲ್ಲ. ಜಿಐ ಪೈಪಿನ ಚೌಕಟ್ಟು, ಬಣ್ಣದ ಶೀಟು ಅನ್ನುವ ನಡುದಾರಿ ಹೆಚ್ಚಿನವರಿಗೆ ಒಪ್ಪಿಗೆಯಾಗಿದೆ. ಮಳೆಯ ಸದ್ದಿಗೆ ಒಳಗೆ ಮಾತು ಕೇಳುವುದಿಲ್ಲ, ಅದೊಂದು ಸಹಿಸಿಕೊಳ್ಳಬೇಕು.

ಒಂದು ವಿಷಯದಲ್ಲಿ ಮಾತ್ರ ನಾವು ಯಾರ ಮಾತೂ ಕೇಳುವುದಿಲ್ಲ, ಗುಡ್ಡ ಕಡಿಯುವುದು. ಜೆಸಿಬಿ ಬಂತು ಅಂದರೆ ಜಾಗ ಅಗಲ ಆಗಲಿ ಅಂತ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಸಿ, ಅದಕ್ಕೆ ಒತ್ತಿ ಮನೆ ಕಟ್ಟುತ್ತಾರೆ. 2019ರಲ್ಲಿ ನಮ್ಮ ಸುತ್ತಮುತ್ತ ಮಣ್ಣು ಬಿದ್ದ ಮನೆಗಳನ್ನು ನೋಡಿದಾಗ, ಎಷ್ಟೋ ಕಡೆ ಇಡೀ ಗುಡ್ಡ ಜರಿದಿರಲಿಲ್ಲ, ಹೀಗೆ ಕಡಿದ ಅಂಚು ಕುಸಿದು ಹಿಂದಿನ ಗೋಡೆ ಒಳಗೆ ಬಂದಿತ್ತು. ಹಿಂದೆ ಜಾಗ ಬಿಟ್ಟು, ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಮೇಲಿನ ನೀರು ಪಕ್ಕಕ್ಕೆ ಹೋಗುವ ಹಾಗೆ ಚರಂಡಿ ತೆಗೆದು, ಲಾವಂಚ ನೆಡದೆ ಸಾಮಾನು ಇಳಿಸುವುದಿಲ್ಲ. ಮನೆ ಒಂದು ಮೊಳ ಚಿಕ್ಕದಾದರೂ ಸರಿ. ಪಾಯದ ಜಾಗ ಗಟ್ಟಿಯಾದ ಮೇಲೆಯೇ ಪಂಚಾಯ್ತಿಯವರನ್ನು ಮೊದಲ ಫೋಟೊಗೆ ಕರೆಯುತ್ತೇವೆ. ಫೋಟೊ ತೆಗೆದ ಜಾಗ ಒಂದು, ಪಾಯ ಇನ್ನೊಂದು ಆದರೆ ಬಿಲ್ಲು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ನಮ್ಮ ಈ ದಾರಿ ಯಾರಿಗೆ ಸಾಲದು ಅನ್ನುವುದನ್ನೂ ಹೇಳಬೇಕು. ಗುಡಿಸಲಿನ ಜಾಗವೂ ಇಲ್ಲದೆ ಇನ್ನೂ ಲೈನ್ ಮನೆಯಲ್ಲೇ ಇರುವ ಮುದುಕರಿಗೆ 94ಸಿ ಇಲ್ಲ, ಪಾಯವೇ ಇಲ್ಲದ ಮೇಲೆ ಸುತ್ತುನಿಧಿ ಯಾಕೆ? ಈಗ ಒಬ್ಬ ಸಾಹುಕಾರರು, ತಮ್ಮ ತೋಟದಲ್ಲಿ ದುಡಿದು ವಯಸ್ಸಾದ ಕುಟುಂಬಗಳಿಗೆ ರಸ್ತೆ ಕಡೆಯ ಒಂದು ಮೂಲೆ ಬಿಟ್ಟುಕೊಡುತ್ತೇನೆ ಅಂದಿದ್ದಾರೆ. ಮನಸ್ಸು ಮಾಡಿದರೂ ಕಾಗದ ಸುಲಭವಿಲ್ಲ. ಕಾಫಿ ತೋಟ ಅಂತ ಭೂಮಿತಿಯಿಂದ ವಿನಾಯಿತಿ ಪಡೆದ ಜಮೀನನ್ನು ವಾಸಕ್ಕೆ ಬಿಡಿಸಲು ಜಿಲ್ಲಾಧಿಕಾರಿ ಕಚೇರಿಯವರೆಗೆ ಹೋಗಬೇಕು, ಅದಕ್ಕೂ ಮೊದಲು ಸರ್ವೆ, ಪೋಡಿ (ಆ ತುಂಡನ್ನು ಅಳೆದು ಬೇರೆ ಮಾಡುವುದು). ಅರ್ಜಿ ಕೊಟ್ಟಾಗಿದೆ. ಮಳೆ ಕಳೆದು ಕುಯ್ಲು ಶುರುವಾಗುವುದರೊಳಗೆ ಸರ್ವೆಯರ್ ಬಂದು ಚೈನು ಹಿಡಿದರೆ, ಆ ಮೂಲೆಯಲ್ಲಿ ಮೊದಲು ಬಾವಿ ತೋಡುವುದೋ ಪಾಯ ತೋಡುವುದೋ ಅಂತ ಅಲ್ಲಿಯ ಹೆಂಗಸರು ಈಗಾಗಲೇ ಜಗಳ ಶುರು ಮಾಡಿದ್ದಾರೆ.