ರೂಬಿ ಪೋರ್ಟ್: ತಣ್ಣಗಾದ ಮೇಲೆಯೇ ತೀರ್ಪು

ಪೋರ್ಚುಗಲ್ಲಿನ ಸಿಹಿ ಕೆಂಪು ವೈನಾದ ರೂಬಿ ಪೋರ್ಟಿನ ಅಗ್ಗದ ಬಾಟಲಿಯೊಂದನ್ನು ಕುಡಿದು ‘ಕೆಮ್ಮಿನ ಸಿರಪ್ಪಿನಂತಿದೆ’ ಎಂದು ಮುಖ ಸಿಂಡರಿಸುವವರನ್ನು ದಾವಣಗೆರೆಯಲ್ಲಿ ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಬಾಟಲಿಯನ್ನು ಕಪಾಟಿನಿಂದ ತೆಗೆದು ನೇರವಾಗಿ ವಿಸ್ಕಿ ಲೋಟಕ್ಕೆ ಸುರಿದುಕೊಂಡವರು. ಬೇಸಿಗೆಯಲ್ಲಿ ಇಲ್ಲಿನ ಮನೆಗಳೊಳಗೆ ಉಷ್ಣತೆ 30 ಡಿಗ್ರಿ ದಾಟಿರುವಾಗ, ಶೇಕಡ 20ರಷ್ಟು ಮದ್ಯಸಾರವಿರುವ ಸಿಹಿ ವೈನು ಮೂಗಿಗೆ ಘಾಟಾಗಿ, ನಾಲಿಗೆಗೆ ಬರಿಯ ಪಾಕವಾಗಿ ತೋರದೆ ಇರಲಾರದು.

ಕೊಳ್ಳುವಾಗ ಪೋರ್ಚುಗಲ್ಲಿನದೇ ಹೌದೇ ಎಂದು ಲೇಬಲ್ ಓದಬೇಕು. ಪೋರ್ಚುಗಲ್ಲಿನ ಡೌರೊ ಕಣಿವೆಯಲ್ಲಿ ಹುದುಗುವಿಕೆ ನಡುವಿನಲ್ಲಿರುವಾಗಲೇ ದ್ರಾಕ್ಷಿಯ ಸಾರಾಯಿ ಬೆರೆಸಿ ಅದನ್ನು ನಿಲ್ಲಿಸುತ್ತಾರೆ. ಹಣ್ಣಿನ ಸಕ್ಕರೆ ಉಳಿದುಕೊಳ್ಳುವುದೂ ಮದ್ಯಸಾರ ಶೇಕಡ 19ರಿಂದ 22ಕ್ಕೆ ಏರುವುದೂ ಇದರಿಂದಲೇ. ನಮ್ಮಲ್ಲಿ ಪೋರ್ಟ್ ಎಂದು ಮಾರಾಟವಾಗುವ ದೇಶೀ ಸಿಹಿ ವೈನುಗಳನ್ನು ಕುಡಿದು ರೂಬಿಯ ಬಗ್ಗೆ ಮಾತನಾಡಬಾರದು. ಬಿಸಿಲು ಬೀಳುವ ಕಪಾಟಿನಲ್ಲಿದ್ದ, ಕತ್ತಿನ ಬಳಿ ಅಂಟಂಟಾಗಿ ಜಿನುಗಿರುವ ಬಾಟಲಿ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಬೆಂಗಳೂರಿನಿಂದ ತರುವವರು ಅದನ್ನು ಕಾರಿನ ಡಿಕ್ಕಿಯಲ್ಲಿ ಬೇಯಿಸಬಾರದು.

ಬಕೆಟ್ಟಿನಲ್ಲಿ ನೀರು, ಐಸು ಎರಡನ್ನೂ ಹಾಕಿ ಬಾಟಲಿಯನ್ನು ಕತ್ತಿನವರೆಗೆ ಇಪ್ಪತ್ತು ನಿಮಿಷ ಮುಳುಗಿಸಿದರೆ 14–16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಲೋಟಕ್ಕೇ ಐಸು ಹಾಕುವ ಸುಲಭದಾರಿ ವೈನನ್ನು ನೀರಾಗಿಸುತ್ತದೆ. ಬಾಯಿ ಕಿರಿದಾದ, ಕಾಲಿರುವ ಗ್ಲಾಸಿಗೆ 50 ಮಿಲಿಲೀಟರು ಸಾಕು. ಬಣ್ಣ ನೋಡುವುದು ಕ್ಷಣದ ಕೆಲಸ: ಬಿಳಿ ಕಾಗದದ ಮೇಲೆ ಗ್ಲಾಸನ್ನು ವಾಲಿಸಿದಾಗ ಅಂಚು ಕಂದು ತಿರುಗಿದ್ದರೆ ಹಳಸಿದೆ.

ಗ್ಲಾಸನ್ನು ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿ ತುಸು ತೆರೆದು ಮೆಲ್ಲಗೆ ಉಸಿರೆಳೆದರೆ ಘಾಟಿನಡಿಯಿಂದ ನೇರಳೆ, ಚೆರಿ, ಕಾಳುಮೆಣಸಿನ ಛಾಯೆ ಸಿಗುತ್ತದೆ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಬಿರಡೆ ಕೆಡಿಸಿದೆ. ಕುದಿಸಿದ ಜಾಮಿನ ವಾಸನೆಯೊಂದೇ ಇದ್ದರೆ ಬಾಟಲಿ ಬಿಸಿಲುಂಡಿದೆ.

ಹೆಚ್ಚಿನವರು ಎಡವುವುದು ನಾಲಿಗೆಯ ಹಂತದಲ್ಲಿ: ಸಿಹಿ ತಾಕಿದೊಡನೆ ನುಂಗಿ ತೀರ್ಪು ಹೇಳಿಬಿಡುತ್ತಾರೆ. ಮಂಡಕ್ಕಿ–ಮೆಣಸಿನಕಾಯಿ ತಿಂದ ಬಾಯಲ್ಲಿ, ಬೆಣ್ಣೆದೋಸೆಯ ಜಿಡ್ಡು ಹತ್ತಿದ ನಾಲಿಗೆಯಲ್ಲಿ ಈ ಕೆಲಸ ಆಗದು. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯದೆ, ಎರಡನೆಯದನ್ನು ಚಮಚದಷ್ಟು ತೆಗೆದುಕೊಂಡು, ತುಟಿಯ ಸಂದಿನಿಂದ ಗಾಳಿ ಎಳೆದು, ಹತ್ತು ಎಣಿಸುವವರೆಗೆ ಒಸಡಿಗೆಲ್ಲ ತಾಗುವಂತೆ ಆಡಿಸಬೇಕು. ಮೊದಲು ಬರುವ ಸಿಹಿಗೆ ಅಂಕ ಕೊಡಬೇಕಿಲ್ಲ. ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಹಿಂದೆಯೇ ಬಾಯಲ್ಲಿ ನೀರೂರಿಸುವ ಹುಳಿ ಬಂತೇ, ಒಸಡಿನ ಮೇಲೆ ನೇರಳೆ ತಿಂದಾಗಿನ ಒಗರು ಹಿಡಿಯಿತೇ ಎಂದು ಕಾಯಬೇಕು. ಇವೆರಡೂ ಇದ್ದರೆ ಸಿಹಿ ತಾನಾಗಿ ಹಿಂದೆ ಸರಿಯುತ್ತದೆ. ಇಲ್ಲದಿದ್ದರೆ ಅಂಟೊಂದೇ ಉಳಿಯುತ್ತದೆ. ಉಗಿದ ಮೇಲೂ ಹಣ್ಣಿನ ರುಚಿ ಅರ್ಧ ನಿಮಿಷ ನಿಂತರೆ ಈ ಬೆಲೆಗೆ ಒಳ್ಳೆಯ ವೈನೆಂದೇ ಬರೆದುಕೊಳ್ಳಿ; ಗಂಟಲುರಿ ಮಾತ್ರ ಉಳಿದರೆ ಎರಡನೆಯ ಬಾಟಲಿ ಕೊಳ್ಳಬೇಡಿ. ಸಣ್ಣ ಪೀಪಾಯಿಗಳಲ್ಲಿ ಮಾಗಿದ ಟಾನಿ ಪೋರ್ಟಿನ ಬಾದಾಮಿ, ಕ್ಯಾರಮೆಲ್ ರುಚಿಯನ್ನು ಇದರಲ್ಲಿ ಹುಡುಕುವುದು ಅನ್ಯಾಯ. ರೂಬಿಯನ್ನು ಹೆಚ್ಚು ಗಾಳಿ ತಾಗದಂತೆ ದೊಡ್ಡ ತೊಟ್ಟಿಗಳಲ್ಲಿಟ್ಟು ಎಳೆಯದಾಗಿಯೇ ಬಾಟಲಿಗೆ ತುಂಬುತ್ತಾರೆ.

ಉಳಿದದ್ದನ್ನು ಬಿರಡೆ ಒತ್ತಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟು ಎರಡು ವಾರದೊಳಗೆ ಮುಗಿಸಬೇಕು. ಮಾರನೆಯ ದಿನ ಇನ್ನೊಮ್ಮೆ ರುಚಿ ನೋಡಿ. ಅಷ್ಟರಲ್ಲಿ ಘಾಟು ತಗ್ಗಿ ಹಣ್ಣು ಮುಂದೆ ಬಂದಿದ್ದರೆ ಟಿಪ್ಪಣಿಯನ್ನು ತಿದ್ದಿಕೊಳ್ಳಿ.