ಲ್ಯಾಬ್ ರೆಕಾರ್ಡ್ ಮುಗಿಯಿತಾ? ಈಗ ಒಂದು ಆಲೆಮನೆ ಹುಡುಕಿ

ಮಂಡ್ಯದಲ್ಲಿ ಬಿಸಿಎ ಓದುವಾಗ ಲ್ಯಾಬ್‌ನಲ್ಲಿ ಇನ್‌ಪುಟ್ ನಾನೇ ಕೊಡುತ್ತಿದ್ದೆ. ಔಟ್‌ಪುಟ್ ರೆಕಾರ್ಡ್‌ಗೆ ಬರೆದರೆ ಸಹಿ ಬೀಳುತ್ತಿತ್ತು. ಮರುದಿನ ಆ ಪ್ರೋಗ್ರಾಂ ಯಾರಿಗೂ ಬೇಕಿರಲಿಲ್ಲ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ವಾರವೇ ಬೇರೆಯವರ ಕೋಡ್ ತಿದ್ದಬೇಕಾಗಿ ಬಂತು, ಕೈ ನಡುಗಿತು. ಕ್ಲಾಸ್ ದಂಡ ಅಂತ ನಾನು ಹೇಳಲ್ಲ. ಲೂಪ್, ಡೇಟಾಬೇಸ್‌ಗೆ ಬಳಸುವ ಭಾಷೆ ಎಸ್‌ಕ್ಯುಎಲ್ ಎಲ್ಲ ಅಲ್ಲೇ ಕಲಿತದ್ದು. ಉಳಿದದ್ದನ್ನು ಕಲಿಯಲು ಓದುವಾಗಲೇ ಹೀಗೆ ಮಾಡಿ.

ದಿನಾ ಲೆಕ್ಕ ಬರೆಯುವ ಒಬ್ಬರನ್ನು ಹಿಡಿಯಿರಿ, ಅವರ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದು ಕೊಡಿ. ನನಗೆ ಸಿಕ್ಕಿದ್ದು ಸೋದರಮಾವನ ಆಲೆಮನೆ. ಯಾರ ಕಬ್ಬು, ಎಷ್ಟು ಟನ್, ಎಷ್ಟು ಮುಂಗಡ ಎಲ್ಲ ಒಂದು ಉದ್ದ ಪುಸ್ತಕದಲ್ಲಿತ್ತು. ಲ್ಯಾಪ್‌ಟಾಪ್ ತೆರೆಯುವ ಮುಂಚೆ ಎರಡು ದಿನ ಸುಮ್ನೆ ಪಕ್ಕದಲ್ಲಿ ಕೂತು ನೋಡಿ.

ಜಾಸ್ತಿ ಕಲಿಯುವುದು ಆ ಪುಸ್ತಕದಿಂದಲೇ. ಒಂದು ಕಡೆ ಸಿದ್ದೇಗೌಡ, ಇನ್ನೊಂದು ಕಡೆ ಸಿದ್ಧೇಗೌಡ, ಮತ್ತೊಂದು ಕಡೆ ಸಿದ್ದೇಗೌಡ್ರು. ಮಾವನಿಗೆ ಒಬ್ಬರೇ, ಕಂಪ್ಯೂಟರ್‌ಗೆ ಮೂವರು. ಅದೇ ಊರಲ್ಲಿ ಒಂದೇ ಹೆಸರಿನವರು ಬೇರೆ ಇರುತ್ತಾರೆ. ಹಾಗಾಗಿ ಪ್ರತಿ ರೈತರಿಗೂ ಒಂದು ನಂಬರ್ ಕೊಡಿ. ಪ್ರೈಮರಿ ಕೀ, ಅಂದರೆ ಒಬ್ಬೊಬ್ಬರನ್ನೂ ಬೇರೆಯಾಗಿ ಗುರುತಿಸುವ ಇಂಥ ನಂಬರ್, ಏಕೆ ಬೇಕು ಅಂತ ನನಗೆ ಮನಸ್ಸಿಗೆ ಇಳಿದದ್ದು ಅಲ್ಲಿ.

ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ಕಂಪ್ಯೂಟರ್ ಅಂದಾಜಾಗಿ ಇಡುವ ದಶಮಾಂಶ ಸಂಖ್ಯೆಯಲ್ಲಿ, ಇಡಬೇಡಿ. ಪೈಥಾನ್‌ನಲ್ಲಿ 0.1 + 0.2 ಹಾಕಿ ನೋಡಿ, 0.30000000000000004 ಬರುತ್ತದೆ. ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. 3,250 ರೂಪಾಯಿ ಅಂದರೆ 3,25,000 ಪೈಸೆ. ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆ. ಆಗ ತೂಕ ಸೇರಿ, ಮುಂಗಡ ಕಳೆಯದೆ ಉಳಿದರೆ ರೈತರಿಗೂ ಮಾವನಿಗೂ ಜಗಳ. ಎಸ್‌ಕ್ಯುಎಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ, ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಆಗ ಎರಡೂ ಸೇರುತ್ತವೆ, ಇಲ್ಲ ಎರಡೂ ಸೇರುವುದಿಲ್ಲ.

ಮೊದಲ ದಿನದಿಂದಲೇ ಗಿಟ್ ಬಳಸಿ, ಕೋಡ್‌ನಲ್ಲಿ ಮಾಡಿದ ಬದಲಾವಣೆಗಳನ್ನೆಲ್ಲ ನೆನಪಿಡುವ ಸಾಧನ ಅದು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೆಲಸಕ್ಕಾಗಿ ಬರೆದದ್ದು. ಪ್ರತಿ ಕಮಿಟ್‌ಗೂ, ಅಂದರೆ ಗಿಟ್‌ನಲ್ಲಿ ಉಳಿಸುವ ಪ್ರತಿ ಬದಲಾವಣೆಗೂ, ಏಕೆ ಬದಲಿಸಿದಿರಿ ಅಂತ ಒಂದು ಸಾಲು ಇರಲಿ. ಆಮೇಲೆ ಗೆಳತಿಗೋ ಗೆಳೆಯನಿಗೋ ಕೋಡ್ ಕೊಟ್ಟು ಒಂದು ಬದಲಾವಣೆ ಮಾಡಿಸಿ, ಪಕ್ಕದಲ್ಲಿ ಕೂತು ವಿವರಿಸಬೇಡಿ. ಅವರು ಎಲ್ಲಿ ನಿಂತರೋ ಅಲ್ಲಿ ನಿಮ್ಮ ಕೋಡ್ ಅರ್ಥವಾಗುತ್ತಿಲ್ಲ. ರೈತರ ಹೆಸರು, ಬಾಕಿ ಇರುವ ಫೈಲನ್ನು ಮಾತ್ರ ಎಲ್ಲರಿಗೂ ಕಾಣುವ ಕಡೆ ಹಾಕಲೇಬೇಡಿ.

ಕೊನೆಗೆ ಒಂದು ತಿಂಗಳು ಪುಸ್ತಕವನ್ನೂ ಪ್ರೋಗ್ರಾಂ ಅನ್ನೂ ಜೊತೆಗೇ ನಡೆಸಿ. ಸಂಜೆ ಎರಡರ ಮೊತ್ತ ತಾಳೆ ನೋಡಿ. ನಮ್ಮದು ಮೊದಲ ವಾರ ಒಂದು ದಿನವೂ ತಾಳೆಯಾಗಲಿಲ್ಲ. ಇಡೀ ಕೋಡ್ ಜಾಲಾಡಿದರೂ ತಪ್ಪು ಸಿಗಲಿಲ್ಲ. ಮಾವ ತರಗು, ಮಣ್ಣಿಗೆ ಅಂತ ಪ್ರತಿ ಲೋಡಿನಲ್ಲೂ ಒಂದಿಷ್ಟು ತೂಕ ಕಳೆಯುತ್ತಿದ್ದರು. ಪುಸ್ತಕದಲ್ಲಿ ಅದು ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, "ಅದು ಎಲ್ರಿಗೂ ಗೊತ್ತಿರೋದೇ ಅಲ್ವೇನವ್ವಾ" ಅಂದರು. ಅದನ್ನು ಸೇರಿಸಿದ ದಿನ ಎರಡೂ ಮೊತ್ತ ಒಂದೇ ಬಂತು.